ಬೀಜದ ಭಿಕ್ಷೆ

ಹೊಳೆಯ ದಂಡೆಯಲ್ಲೊಂದು ಪುಟ್ಟ ಮಠ. ಅಲ್ಲಿ ಇದ್ದವರು ಇಬ್ಬರೇ. ಸುತ್ತಲ ಊರಿನವರು 'ಬುದ್ಧಿ' ಎಂದು ಕರೆಯುತ್ತಿದ್ದ ಮುದಿ ಗುರುಗಳು, ಮತ್ತೆ ಅವರ ಶಿಷ್ಯ ಶಿವಮಲ್ಲ.

ಶಿವಮಲ್ಲ ಮಠಕ್ಕೆ ಬಂದು ಒಂಬತ್ತು ವರ್ಷವಾಗಿತ್ತು. ಇನ್ನೂ ಬಿಳಿ ಬಟ್ಟೆಯಲ್ಲೇ ಇದ್ದ. ಕಣ್ಣೆಲ್ಲ ಕಾವಿಯ ಮೇಲೆ. ಗುರುಗಳ ಕಾವಿ ಬಟ್ಟೆಯನ್ನು ಅವನು ಮಡಿಸುವ ರೀತಿ ನೋಡಿದರೇ ಗೊತ್ತಾಗುತ್ತಿತ್ತು, ಪಾಪ, ಎಷ್ಟು ಆಸೆ ಎಂದು. ಎಲ್ಲ ಬಿಟ್ಟವನಿಗೂ ಅದೊಂದು ಬಿಟ್ಟಿರಲಿಲ್ಲ.

ಆ ಸಲ ವಸಂತ ಮುಗಿಯುತ್ತ ಬಂದರೂ ಮಳೆ ಬಿಡಲಿಲ್ಲ. ಭರಣಿ ಮಳೆ ಹೋಗಿ ಕೃತ್ತಿಕೆ ಹಿಡಿದಿತ್ತು. ಮಠದ ಹಿತ್ತಲಲ್ಲಿ ಅವರೆ ಚಪ್ಪರದ ಕಂಬಗಳು ಬೋಳಾಗಿ ನಿಂತಿದ್ದವು.

"ಇನ್ನೂ ಬಿತ್ತಲಿಲ್ಲವೇನಪ್ಪ?" ಎಂದರು ಗುರುಗಳು.

"ಮಣ್ಣು ಕೈಗಂಟ್ತದೆ ಬುದ್ಧೀ. ಒಂದು ದಿನ ಮಳೆ ನಿಂತು ಹೊಳವಾಗಲಿ."

ಹೊಳವೂ ಆಯಿತು. ಆಗಲೂ ಬಿತ್ತಲಿಲ್ಲ.

"ಬೀಜ ಎಲ್ಲಿ?"

ಶಿವಮಲ್ಲ ತಲೆ ತಗ್ಗಿಸಿದ. ಬೀಜಕ್ಕೆಂದು ಗುರುಗಳು ಎತ್ತಿಟ್ಟಿದ್ದ ಅವರೆಯನ್ನು ಅವನು ಮಾಘದಲ್ಲಿ ಬಂದ ಭಕ್ತರಿಗೆ ಸಾರು ಮಾಡಿ ಬಡಿಸಿಬಿಟ್ಟಿದ್ದ. ಸಾರು ಬಹಳ ರುಚಿ ಎಂದು ಎಲ್ಲರೂ ಹೊಗಳಿದ್ದರು.

"ಬೀಜ ಎತ್ತಿಡೋದು ಸಂಸಾರಸ್ಥರ ಕೆಲಸ ಅಂದ್ಕೊಂಡೆ ಬುದ್ಧೀ. ನಾಳೆಯ ಚಿಂತೆ ನಮಗ್ಯಾಕೆ ಅಂತ."

ಗುರುಗಳು ಬೈಯಲಿಲ್ಲ. "ಕಾವಿ ಬೇಕು ಅಂತಿದ್ದೆಯಲ್ಲ?" ಎಂದರು.

"ಹೌದು ಬುದ್ಧೀ."

"ಕಾವಿ ಉಡೋನು ಬಿಟ್ಟು ಬಂದ ಮನೆಗೆ ಒಂದು ಸಲ ಭಿಕ್ಷೆಗೆ ಹೋಗಿ ಬರಬೇಕು. ಅಕ್ಕಿ ತರಬೇಡ. ಅವರೆ ಬೀಜ ಕೇಳ್ಕೊಂಡು ಬಾ. ಅದು ಮೊಳೆತ ದಿನ ಕಾವಿ ಕೊಡ್ತೀನಿ."

ಶಿವಮಲ್ಲನ ಮುಖ ಅರಳಿತು. ಮರುಗಳಿಗೆಯಲ್ಲೇ ಬಾಡಿತು. ಬಿಟ್ಟು ಬಂದ ಮನೆ ಎರಡು ಹರದಾರಿ ದೂರ. ಒಂಬತ್ತು ವರ್ಷದಲ್ಲಿ ಅವನು ಆ ಕಡೆ ತಲೆ ಹಾಕಿ ಮಲಗಿದ್ದೂ ಇಲ್ಲ. ಅಲ್ಲಿ ಅವನ ಹೆಂಡತಿ ದೇವೀರಮ್ಮ ಇದ್ದಳು.

ಇನ್ನೂ ನಾಲ್ಕು ದಿನ ಮಳೆಯ ನೆಪ ಹೇಳಿದ. ಐದನೆಯ ದಿನ ಗುರುಗಳು ಕೊಡೆ ತಂದು ಅವನ ಕೈಗಿಟ್ಟರು.

ಮನೆ ಅಲ್ಲೇ ಇತ್ತು, ಹಾಗೇ ಇತ್ತು. ಹಂಚು ಮಾತ್ರ ಹೊಸದು. ಬಾಗಿಲ ಪಕ್ಕದ ಚಪ್ಪರದ ಬುಡದಲ್ಲಿ ಅವರೆ ಸಸಿಗಳು ಆಗಲೇ ಗೇಣುದ್ದ ಎದ್ದಿದ್ದವು. ಅವಳು ಹದ ನೋಡಿ ಬಿತ್ತಿದ್ದಳು. ಹೊಳವಾಗಲಿ ಎಂದು ಕಾದು ಕೂತಿರಲಿಲ್ಲ.

ದೇವೀರಮ್ಮ ಜಗಲಿಯ ಮೇಲೆ ಕೂತು ರಾಗಿ ಕೇರುತ್ತಿದ್ದಳು. ಮುಂದಲೆ ನೆರೆತಿತ್ತು. ಕೊರಳಲ್ಲಿ ತಾಳಿ ಇತ್ತು. ಅದು ಕಂಡ ಮೇಲೆ ಶಿವಮಲ್ಲ ಕಣ್ಣನ್ನು ನೆಲಕ್ಕೆ ಹಾಕಿದವನು ಮತ್ತೆ ಎತ್ತಲಿಲ್ಲ.

"ತಾಯೀ," ಎಂದು ಕೂಗಿದ. "ಬೀಜದ ಭಿಕ್ಷೆ. ಒಂದು ಹಿಡಿ ಅವರೆ."

ಮೊರದ ಸದ್ದು ನಿಂತಿತು.

"ಏನಂದ್ರಿ?" ಎಂದಳು.

"ಬೀಜದ ಭಿಕ್ಷೆ, ತಾಯೀ."

ಅವಳು ಎದ್ದಳು. ಬಿತ್ತಿ ಮಿಕ್ಕ ಬೀಜದ ಕುಡಿಕೆ ಹೊಸಿಲ ಪಕ್ಕದಲ್ಲೇ ಇತ್ತು. ಅದನ್ನು ದಾಟಿ ಒಳಗೆ ಹೋದಳು. ಅಟ್ಟ ಹತ್ತಿದ ಸದ್ದು, ಏನನ್ನೋ ಸರಿಸಿದ ಸದ್ದು. ಇಳಿದು ಬಂದು, ಹೊಗೆ ಹಿಡಿದು ಕಪ್ಪಾಗಿದ್ದ ಒಂದು ಬಟ್ಟೆಯ ಗಂಟನ್ನು ಅವನ ಜೋಳಿಗೆಗೆ ಹಾಕಿದಳು.

"ಇದು ನಿಮಗೇ ಸೇರಬೇಕಾದ್ದು ಸ್ವಾಮಿ," ಎಂದಳು.

"ಒಳ್ಳೇದಾಗಲಿ ತಾಯೀ," ಎಂದು ಶಿವಮಲ್ಲ ಹರಸಿ ಬಂದ. ದಾರಿಯುದ್ದಕ್ಕೂ ಹಗುರಾಗಿ ನಡೆದ. ಇಷ್ಟಕ್ಕೆ ನಾನು ಹೆದರಿದ್ದೆನಲ್ಲ ಎಂದು ಅವನಿಗೆ ನಗು ಕೂಡ ಬಂತು.

ಗುರುಗಳು ಕೇಳಿದರು, "ಅವಳನ್ನು ಏನಂತ ಕೂಗಿದೆ?"

"ಎಲ್ಲ ಮನೆ ಮುಂದೂ ಕೂಗೋ ಹಾಗೇ ಬುದ್ಧೀ. ತಾಯೀ ಅಂತ. ನಾಲಿಗೆ ಒಂಚೂರೂ ತಡವರಿಸಲಿಲ್ಲ."

ಶಭಾಷ್ ಎನ್ನುತ್ತಾರೆಂದು ಕಾದ. ಅವರು ಎದ್ದು ಒಳಗೆ ಹೋದರು.

ಕಾಳಿಗೆಲ್ಲ ಕೆಮ್ಮಣ್ಣು ದಪ್ಪವಾಗಿ ಮೆತ್ತಿತ್ತು. ಹುಳ ಬೀಳದಂತೆ ಹಾಗೆ ಹಚ್ಚಿಡುವುದು ವಾಡಿಕೆ. ಶಿವಮಲ್ಲ ಅದನ್ನು ಹಾಗೇ ಗುಣಿಗೆ ಎರಡರಂತೆ ಊರಿದ. ಗಂಟಿನ ಬಟ್ಟೆಯನ್ನು, ಹಕ್ಕಿ ಹೆದರಲಿ ಎಂದು, ಚಪ್ಪರದ ಕಂಬಕ್ಕೆ ಕಟ್ಟಿದ.

ಐದನೆಯ ದಿನ ಒಂದು ಬಿಳಿ ಪಂಚೆಯನ್ನು ಕಾವಿಮಣ್ಣಿನ ನೀರಿಗೆ ಅದ್ದಿ, ಗುರುಗಳಿಗೆ ಕಾಣದ ಹಾಗೆ ಒಣಗಿಸಿಕೊಂಡ. ಏಳನೆಯ ದಿನದಿಂದ ಹೊತ್ತಿಗೊಮ್ಮೆ ಗುಣಿಗಳ ಮುಂದೆ ಬಗ್ಗಿ ನೋಡತೊಡಗಿದ. ಹುಲ್ಲು ಬಂತು, ಅಣಬೆ ಬಂತು. ಅವರೆ ಬರಲಿಲ್ಲ.

ಹನ್ನೆರಡನೆಯ ದಿನ ತಡೆಯಲಾರದೆ ಬೆರಳಿನಿಂದ ಕೆದಕಿದ. ಕಾಳು ಸಿಕ್ಕಿತು. ಅದುಮಿದರೆ ಪುಡಿಯಾಯಿತು. ಒಳಗೆಲ್ಲ ಟೊಳ್ಳು. ಇನ್ನೊಂದು ಗುಣಿ ಕೆದಕಿದ, ಮತ್ತೊಂದು ಕೆದಕಿದ. ಎಲ್ಲ ಹುಳ ತಿಂದ ಕಾಳುಗಳೇ.

ಕೆಸರುಗೈಯಲ್ಲೇ ಗುರುಗಳ ಮುಂದೆ ಹೋಗಿ ನಿಂತ. ಮೈಯೆಲ್ಲ ಉರಿಯುತ್ತಿತ್ತು.

"ನೋಡಿದ್ರಾ ಬುದ್ಧೀ ಅವಳ ಬುದ್ಧಿ! ಕುಡಿಕೆ ತುಂಬ ಒಳ್ಳೆ ಬೀಜ ಇಟ್ಕೊಂಡು ನನಗೆ ಹುಳುಕು ಕೊಟ್ಟಿದ್ದಾಳೆ. ನನಗೆ ಕಾವಿ ಸಿಗಬಾರದು ಅಂತಾನೇ ಮಾಡಿದ್ದು. ಒಂಬತ್ತು ವರ್ಷ ಆದ್ರೂ ಸೇಡು ಹೋಗಿಲ್ಲ."

"ಗಂಟಿನ ಬಟ್ಟೆ ಎಲ್ಲಿ?"

"ಕಂಬದ ಮೇಲದೆ."

"ಬಿಚ್ಕೊಂಡು ಬಾ."

ತಂದ. ಹನ್ನೆರಡು ದಿನದ ಮಳೆಗೆ ಮಸಿಯೆಲ್ಲ ತೊಳೆದು ಹೋಗಿತ್ತು. ಕೆಂಪಂಚು ಎದ್ದು ಕಾಣುತ್ತಿತ್ತು. ಗುರುಗಳು ಅದನ್ನು ಬಿಡಿಸಿ ಅವನ ಮುಂದೆ ಹಿಡಿದರು. ಅಂಚಿನ ಪಕ್ಕದಲ್ಲಿ ಬೀಡಿಯ ಕಿಡಿ ಬಿದ್ದು ಸುಟ್ಟ ಒಂದು ತೂತು.

ಶಿವಮಲ್ಲನ ಕೈ ತಾನಾಗಿ ತನ್ನ ಹೆಗಲಿಗೆ ಹೋಯಿತು. ಆ ವಲ್ಲಿ ಎಷ್ಟೋ ವರ್ಷ ಇದ್ದದ್ದು ಅಲ್ಲೇ.

"ಯಾರದಪ್ಪ ಇದು?"

"ನಂದು ಬುದ್ಧೀ."

"ಕಾಳು?"

"ಅದೂ ನಂದೇ. ನಾನೇ ಕೆಮ್ಮಣ್ಣು ಹಚ್ಚಿ, ನಾನೇ ಗಂಟು ಕಟ್ಟಿ ಅಟ್ಟದ ಮೇಲಿಟ್ಟಿದ್ದೆ. ಇಂಥದೇ ಮಳೆ. ನಾಳೆ ಹೊಳವಾದ್ರೆ ಬಿತ್ತೋಣ ಕಣೇ ಅಂದಿದ್ದೆ."

"ಆಮೇಲೆ?"

"ಮಾರನೇ ದಿನ ಇಲ್ಲಿಗೆ ಬಂದುಬಿಟ್ಟೆ."

ಗುರುಗಳು ವಲ್ಲಿಯನ್ನು ಮಡಿಸತೊಡಗಿದರು. "ನೀನು ಬಂದ ದಿನ ನಾನೊಂದು ಮಾತು ಕೇಳಿದ್ದೆ. ಮನೇಲಿ ಹೇಳಿ ಬಂದಿದ್ದೀಯಾ ಅಂತ."

"ಹೇಳಿ ಬಂದಿದ್ದೀನಿ ಅಂದಿದ್ದೆ."

"ಏನಂತ ಹೇಳಿದ್ದೆ?"

ಶಿವಮಲ್ಲ ಹೊಳೆಯ ಕಡೆ ನೋಡಿದ. ಅಲ್ಲಿ ನೋಡುವಂಥದ್ದೇನೂ ಇರಲಿಲ್ಲ.

"ಚಪ್ಪರಕ್ಕೆ ಬಿದಿರ ಗಳ ತರ್ತೀನಿ ಅಂತ."

ಗುರುಗಳು ವಲ್ಲಿಯ ಕೊನೆಯ ಮಡಿಕೆ ಹಾಕಿದರು. ಆಮೇಲೆ, "ಅವತ್ತೇ ಕೇಳಬೇಕಾಗಿತ್ತು ನಾನು," ಎಂದು ತಮಗೇ ಹೇಳಿಕೊಂಡರು. ದನಿಯಲ್ಲಿ ಕಹಿ ಇತ್ತು. ಅದು ಶಿಷ್ಯನ ಮೇಲಷ್ಟೇ ಅಲ್ಲ.

"ಅವರೆ ಬೀಜ ಎಷ್ಟು ವರ್ಷ ತಡೀತದೆ?"

"ಎರಡು. ಜೋಪಾನ ಮಾಡಿದ್ರೆ ಮೂರು."

"ಅಷ್ಟರೊಳಗೆ ಹೋಗಿದ್ದಿದ್ರೆ ಮೊಳೀತಿತ್ತು."

ಶಿವಮಲ್ಲನಿಗೆ ಅಳು ಒತ್ತರಿಸಿ ಬಂತು. ಒಂಬತ್ತು ಮಳೆಗಾಲ ಆ ಗಂಟು ಅಟ್ಟದ ಮೇಲಿತ್ತು. ಎಷ್ಟು ಸಲ ಇಳಿಸಿ ನೋಡಿದಳೋ, ಎಷ್ಟು ಸಲ ಹಾಗೇ ಇಟ್ಟಳೋ. ಅವನು ಬಂದಾಗ ಬಿತ್ತಲಿ ಎಂದು ಇಟ್ಟಿದ್ದಳು. ಅವನು ಬಂದ. ಬಂದು, ಹೊರಗೇ ನಿಂತು, ತಾಯೀ ಎಂದ.

ಅವನು ಹಿತ್ತಲಿಗೆ ಓಡಿದ. ಚಪ್ಪರದಿಂದ ಎರಡು ಗಳ ಕಿತ್ತ. ಅವನ್ನು ಹೆಗಲ ಮೇಲಿಟ್ಟುಕೊಂಡು ಬಂದು, ಮಳೆಯಲ್ಲಿ ನೆನೆಯುತ್ತ ನಿಂತ.

"ನನಗೆ ಕಾವಿ ಬೇಡ ಬುದ್ಧೀ. ಹೋಗ್ತೀನಿ. ಗಳ ತಂದಿದ್ದೀನಿ ಅಂತೀನಿ. ಕಾಲಿಗೆ ಬೀಳ್ತೀನಿ. ಅಪ್ಪಣೆ ಕೊಡಿ."

ಗುರುಗಳು ಮಡಿಸಿದ ವಲ್ಲಿಯನ್ನು ಅವನ ಹೆಗಲ ಮೇಲೆ ಹಾಕಿದರು.

"ಹೋಗಪ್ಪ, ಬೇಡ ಅನ್ನಲ್ಲ," ಎಂದರು. "ಬಾಗಿಲಲ್ಲಿ ನಿಂತು ಅವಳನ್ನು ಏನಂತ ಕೂಗ್ತೀಯ?"