ಮೂರು ದೋಣಿ ಎರೆ

ನಮ್ಮ ಮುತ್ತಜ್ಜನ ಅಜ್ಜ ಕುಪ್ಪ ಹಿಡಿದ ಮೀನು ಎಷ್ಟು ದೊಡ್ಡದಿತ್ತೆಂದರೆ, ಅದರ ಬಾಲ ದಡಕ್ಕೆ ಬರುವಷ್ಟರಲ್ಲಿ ಊರವರು ತಲೆಯ ಸಾರು ಉಂಡು ಮುಗಿಸಿದ್ದರು. ಅಂಥವನು ಹೊನ್ನಳಿವೆಯ ದೊರೆಯ ಆಸ್ಥಾನದಲ್ಲಿದ್ದ.

ಒಂದು ವರ್ಷ ಮೀನು ಕಡಿಮೆಯಾಯಿತೆಂದು ದೊರೆ ಅಪ್ಪಣೆ ಹೊರಡಿಸಿದ. ಹೊಳೆ ಕಡಲು ಸೇರುವ ಅಳಿವೆಯ ಮರಿಮೀನಿಗೆ ಯಾರೂ ಬಲೆ ಹಾಕಬಾರದು, ಗಾಳಕ್ಕೆ ಸಿಕ್ಕಿಸಲು ಎರೆ ಬೇಕಾದವರು ಮಾತ್ರ ಹಿಡಿಯಬಹುದು.

ಸಾಹುಕಾರ ತೋಮಯ್ಯನಿಗೆ ಅಷ್ಟೇ ಸಾಕಾಯಿತು. ದಿನಕ್ಕೆ ಮೂರು ದೋಣಿ ಮರಿಮೀನು ಬಾಚಿದ. ಕೇಳಿದವರಿಗೆಲ್ಲ ಒಂದೇ ಮಾತು, ಎರೆಗೆ. ಮರಿಮೀನು ಕಡಿಮೆಯಾದಂತೆ ಅದನ್ನು ತಿನ್ನುವ ದೊಡ್ಡ ಮೀನೂ ಅತ್ತ ಸುಳಿಯಲಿಲ್ಲ. ಗಾಳ ಹಾಕಿ ಬದುಕುವ ನಲವತ್ತು ಮನೆಯ ಒಲೆ ಆರಿತು. ಅವರೆಲ್ಲ ಬಂದು ದೊರೆಯ ಮುಂದೆ ಕೂತರು.

ದೊರೆ ತಲೆ ಕೆರೆದುಕೊಂಡ. ಎರೆ ಅಂತ ನಾನೇ ಬರೆಸಿದ್ದೇನೆ, ಎರೆ ಅಂತಲೇ ಅವನೂ ಹೇಳುತ್ತಾನೆ, ಮುದ್ರೆ ಒತ್ತಿದ ಮಾತು ತಿದ್ದುವುದು ಹೇಗೆ ಎಂದ.

“ತಿದ್ದುವುದು ಬೇಡ ಒಡೆಯಾ,” ಎಂದ ಕುಪ್ಪ. “ನಮ್ಮ ಕಡಲಿನ ಕಟ್ಟಳೆ ಒಂದಿದೆ. ಹಿಡಿದ ಎರೆ ಮುಗಿಯುವ ತನಕ ಗಾಳ ಬಿಟ್ಟು ಏಳುವ ಹಾಗಿಲ್ಲ. ಅದೊಂದು ಸೇರಿಸಿ.”

ದೊರೆ ಅದನ್ನು ಸೇರಿಸಿ ತೋಮಯ್ಯನನ್ನು ಕರೆಸಿ ಹೇಳಿದ. ಯಾರು ನೋಡಲು ಬರುತ್ತಾರೆ ಎಂದುಕೊಂಡು ಅವನು ನಗುತ್ತಲೇ ಒಪ್ಪಿದ.

ಮರುದಿನ ಬೆಳಿಗ್ಗೆ ಕಾವಲಿನವರು ಅವನನ್ನು ಬಂಡೆಯ ಮೇಲೆ ಕೂರಿಸಿ ಕೈಗೆ ಗಾಳದ ದಾರ ಕೊಟ್ಟರು. ಪಕ್ಕದಲ್ಲಿ ಅವನು ಅಂದು ಬಾಚಿ ತಂದ ಮೂರು ದೋಣಿ ಎರೆ. ಕಚ್ಚಲು ಮೀನಿದ್ದರಲ್ಲವೇ? ಮೊದಲು ಸಿಕ್ಕಿಸಿದ ಎರೆಯೇ ಮಧ್ಯಾಹ್ನದವರೆಗೂ ಹಾಗೇ ಇತ್ತು. ಬಿಸಿಲಿಗೆ ದೋಣಿಗಳು ನಾರತೊಡಗಿದವು. ಕಾಗೆಗಳೂ ಮೂಗು ಮುಚ್ಚಿಕೊಂಡು ಹಾರಿದವು.

“ಅವಸರವಿಲ್ಲ ಸಾಹುಕಾರ್ರೇ,” ಎಂದ ಕುಪ್ಪ. “ಹೀಗೇ ಹೋದರೆ ನಿಮ್ಮ ಮರಿಮಗನ ಮದುವೆಯೊಳಗೆ ಒಂದು ದೋಣಿ ಖಾಲಿಯಾಗುತ್ತದೆ.”

ಸಂಜೆ ದೊರೆ ನೋಡಲು ಬಂದದ್ದೇ ತಡ, ತೋಮಯ್ಯ ದಾರ ಬಿಸಾಡಿ ಕಾಲಿಗೆ ಬಿದ್ದ. “ಇದು ಎರೆಯಲ್ಲ ಒಡೆಯಾ, ನನ್ನ ತೆಂಗಿನ ತೋಟದ ಗೊಬ್ಬರ.”

ದೊರೆ ಅವನ ಬಲೆಗಳನ್ನು ಕಿತ್ತುಕೊಂಡು, ಇನ್ನು ಮೇಲೆ ಗಾಳದವನೊಬ್ಬನಿಗೆ ದಿನಕ್ಕೆ ಒಂದು ಬುಟ್ಟಿ ಎರೆ, ಅಷ್ಟೇ ಎಂದು ಅಲ್ಲೇ ಬರೆಸಿದ. ಆಮೇಲೆ ಕುಪ್ಪನತ್ತ ತಿರುಗಿದ.

“ಅಲ್ಲವೋ, ಇಡೀ ದಿನ ಗಾಳ ಹಾಕಿಸಿ ಒಂದು ಮೀನೂ ಬೀಳಲಿಲ್ಲವಲ್ಲ?”

“ಬಿತ್ತಲ್ಲ ಒಡೆಯಾ,” ಎಂದ ಕುಪ್ಪ. “ನಿಮ್ಮ ಕಾಲ ಬುಡದಲ್ಲೇ ಹೊರಳಾಡುತ್ತಿದೆ.”

ದೊರೆ ನಕ್ಕ ನಗೆಗೆ ಕಡಲು ಎರಡು ಮಾರು ಹಿಂದೆ ಸರಿಯಿತು. ಆ ಗುರುತು ಈಗಲೂ ಇದೆ. ನೀವು ನೋಡಲು ಬಂದಾಗ ಮಾತ್ರ ಉಬ್ಬರವಿರುತ್ತದೆ.