ದಪ್ಪ ದನಿ ಹಿಂದಕ್ಕೆ, ಸಣ್ಣ ದನಿ ಮುಂದಕ್ಕೆ

ಹರಿಹರದಲ್ಲಿ ಹಾಲವ್ವ ಅಂತ ಒಬ್ಬ ತಾಯಿ, ಅವಳಿಗೆ ತಿಪ್ಪೇಶಿ ಅಂತ ಒಬ್ಬನೇ ಮಗ. ಆಳು ಎತ್ತಿನಂಥವನು, ಮನಸ್ಸು ಹಾಲಿನಂಥದು, ಬುದ್ಧಿ ಮಾತ್ರ ಹೇಳಿದಷ್ಟೇ. ಬಾಗಿಲು ನೋಡಿಕೋ ಅಂದರೆ ಸಂಜೆವರೆಗೂ ಬಾಗಿಲನ್ನೇ ನೋಡುತ್ತ ನಿಲ್ಲುವವನು.

ಹಾಲವ್ವ ರೊಟ್ಟಿ ಬಡಿಯುತ್ತ ಅನ್ನುವಳು, "ನಾನು ಕಣ್ಣು ಮುಚ್ಚಿದರೆ ನಿನಗೆ ಯಾರೋ ದಿಕ್ಕು?"

ತಿಪ್ಪೇಶಿ ಯೋಚನೆ ಮಾಡಿ ಹೇಳುವನು, "ಮುಚ್ಚಬೇಡವ್ವ. ತೆರೆದೇ ಇಟ್ಟುಕೋ."

ಕೊನೆಗೆ ಅವನನ್ನು ಕಾರುಗಳಿಗೆ ಸ್ಪೀಕರ್ ಕೂರಿಸುವ ದಾದಾಪೀರನ ಅಂಗಡಿಗೆ ಬಿಟ್ಟಳು. "ಅವರು ಹೇಳಿದ್ದನ್ನ ಹೇಳಿದಂಗೇ ಮಾಡಪ್ಪ," ಅಂದಳು.

ಮೊದಲ ದಿನ ಒಂದು ಕಾರು ಬಂತು. ಬಾಗಿಲ ಸ್ಪೀಕರಿನಲ್ಲಿ ದನಿ ಗೊರಗೊರ ಅನ್ನುತ್ತಿತ್ತು. "ಕೆಳಗಿನ ದನಿ ಇದಕ್ಕೆ ಬರಬಾರದು, ಕತ್ತರಿಸು," ಅಂದ ದಾದಾಪೀರ್. ತಿಪ್ಪೇಶಿ ಕಟಿಂಗ್ ಪ್ಲೇಯರ್ ತಗೊಂಡ, ಕಾರಿನ ಕೆಳಭಾಗದ ವೈರೆಲ್ಲ ಕತ್ತರಿಸಿದ. ದನಿ ಹೋಯಿತು, ದೀಪವೂ ಹೋಯಿತು.

"ಅಯ್ಯೋ ಪೆದ್ದ, ಕತ್ತರಿಸೋದು ಅಂದರೆ ದನಿ ಬೇರೆ ಮಾಡೋ ಈ ಕ್ರಾಸ್‌ಓವರಿನ ತಿರುಪು ತಿರುಗಿಸೋದು. ಕೆಳಗಿನ ದನಿ ಅಂದರೆ ದಪ್ಪ ದನಿ, ಅದು ಡಿಕ್ಕಿಯಲ್ಲಿರೋ ದೊಡ್ಡ ಬಾಕ್ಸಿಗೆ, ಸಣ್ಣ ದನಿ ಮುಂದಿರೋ ಪುಟ್ಟ ಸ್ಪೀಕರಿಗೆ. ಒಂದರ ಜಾಗಕ್ಕೆ ಇನ್ನೊಂದು ಹೋಗಬಾರದು. ಇಷ್ಟು ನೆನಪಿಟ್ಟುಕೋ, ದಪ್ಪ ದನಿ ಹಿಂದಕ್ಕೆ, ಸಣ್ಣ ದನಿ ಮುಂದಕ್ಕೆ."

"ಆಯ್ತಣ್ಣ. ದಪ್ಪ ದನಿ ಹಿಂದಕ್ಕೆ, ಸಣ್ಣ ದನಿ ಮುಂದಕ್ಕೆ."

ಮಾರನೆಯ ದಿನ ದಾದಾಪೀರ್ ಊಟಕ್ಕೆ ಹೋದಾಗ ಆ ಕಾರಿನ ಯಜಮಾನ ನಾಗನಗೌಡರು ಹೆಂಡತಿ ಜೊತೆ ಬಂದರು. ಗೌಡರದು ಗುಡುಗಿನಂಥ ದನಿ, ಗೌಡತಿಯದು ಪೀಪಿ ಊದಿದಂಥ ದನಿ. ತಿಪ್ಪೇಶಿ ಕಿವಿಗೊಟ್ಟು ಕೇಳಿದ. ಡಿಕ್ಕಿ ತೆಗೆದ. ಕೆಲಸ ತೋರಿಸುತ್ತಾನೆ ಅಂತ ಗೌಡರು ಬಗ್ಗಿದರು. ಅವರನ್ನು ಮೆಲ್ಲಗೆ ಎತ್ತಿ ಒಳಗಿಟ್ಟು ಮುಚ್ಚಿದ. ಗೌಡತಿಯನ್ನು ಮುಂದೆ ಕೂರಿಸಿದ.

ದಾದಾಪೀರ್ ಬಂದಾಗ ಕಾರು ಅಲ್ಲಾಡುತ್ತಿತ್ತು. "ಡಿಕ್ಕಿಯಲ್ಲಿ ಯಾರೋ?"

"ದಪ್ಪ ದನಿ ಅಣ್ಣ."

ಗೌಡರ ಕಾಲು ಹಿಡಿದದ್ದಾಯಿತು. ಹಾಲವ್ವನ ಮುಖ ನೋಡಿ ದಾದಾಪೀರ್ ತಿಪ್ಪೇಶಿಯನ್ನು ಓಡಿಸಲಿಲ್ಲ. "ಇನ್ನುಮೇಲೆ ನೀನಾಗಿ ಏನೂ ಮಾಡಬೇಡ," ಅಂದ. "ಎಲ್ಲಾದರೂ ದನಿ ಒಡೆದಿದ್ದರೆ ಅಲ್ಲಾಡಿಸದೆ ಎರಡು ಕೈಯಲ್ಲಿ ಎತ್ತಿ ತಂದು ನನ್ನ ಮೇಜಿನ ಮೇಲಿಡು. ಮಿಕ್ಕಿದ್ದು ನಾನು ನೋಡ್ತೀನಿ."

ಹಾಲವ್ವನಿಗೆ ಆಗಲೇ ಎದೆಯಲ್ಲಿ ಕಫ ಕಟ್ಟಿತ್ತು. ಒಂದು ಬೆಳಿಗ್ಗೆ ಏಳಲಿಲ್ಲ. ಮೈ ಕೆಂಡ. ಮಗನನ್ನು ಕರೆಯಲು ಬಾಯಿ ತೆರೆದಳು, ಹೆಸರು ಪೂರ್ತಿ ಬರಲಿಲ್ಲ, ದನಿ ಬಿರಿದು ಹೋಯಿತು.

ತಿಪ್ಪೇಶಿ ಕೇಳಿದ. ದನಿ ಒಡೆದಿದೆ. ತಾಯಿಯನ್ನು ಎರಡು ಕೈಯಲ್ಲಿ ಎತ್ತಿಕೊಂಡ, ನಡೆದ.

ಆಸ್ಪತ್ರೆ ಮುಂದೆ ಪಕ್ಕದ ಮನೆಯ ರೇವಮ್ಮ ತಡೆದಳು. "ಒಳಗೆ ಬಾರೋ, ಎಲ್ಲಿಗೆ ಹೋಗ್ತೀ?"

"ಅಂಗಡಿಗೆ. ದನಿ ಒಡೆದೈತಿ."

ಆಸ್ಪತ್ರೆ ದಾಟಿ ಹೋದ. ಅಂಗಡಿಯ ಮೇಜಿನ ಮೇಲಿದ್ದ ವೈರು, ತಿರುಪು ಸರಿಸಿ ತಾಯಿಯನ್ನು ಮಲಗಿಸಿದ. "ಅಣ್ಣ, ಅಲ್ಲಾಡಿಸಿಲ್ಲ. ನೀನು ನೋಡು."

ಆವತ್ತು ದಾದಾಪೀರ್ ಬೈಯಲಿಲ್ಲ. ರಿಪೇರಿಗೆ ಬಂದಿದ್ದ ಕಾರಿನಲ್ಲೇ ಹಾಲವ್ವನನ್ನು ಆಸ್ಪತ್ರೆಗೆ ಒಯ್ದ. ಇನ್ನು ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು ಅಂದರು ಡಾಕ್ಟರು. ಮಂಚದ ಪಕ್ಕ ಕಲ್ಲಿನಂತೆ ನಿಂತಿದ್ದ ತಿಪ್ಪೇಶಿಯ ಹೆಗಲ ಮೇಲೆ ದಾದಾಪೀರ್ ಕೈಯಿಟ್ಟ. "ಹೆದರಬೇಡ. ದನಿ ಬರಲಿ, ಬಂದ ಕೂಡಲೇ ಮನೆಗೆ ಕರಕೊಂಡು ಹೋಗುವಿಯಂತೆ."

ತಿಪ್ಪೇಶಿ ಕೂತ. ಉಣ್ಣಲಿಲ್ಲ, ಮಲಗಲಿಲ್ಲ, ತಾಯಿಯ ಬಾಯನ್ನೇ ನೋಡುತ್ತ ಕೂತ.

ಹಾಲವ್ವ ಕಣ್ಣು ಬಿಟ್ಟಳು. ಮಗನ ಒಣಗಿದ ಮುಖ ನೋಡಿದಳು. ತುಟಿ ಅಲ್ಲಾಡಿತು.

"ಉಂಡೇನೋ?"

ದನಿ ಬಂತು. ತಿಪ್ಪೇಶಿ ಎದ್ದ, ದುಪ್ಪಟಿ ಸಮೇತ, ಗ್ಲೂಕೋಸ್ ಬಾಟಲಿಯ ಕಂಬದ ಸಮೇತ ತಾಯಿಯನ್ನು ಎತ್ತಿಕೊಂಡು ಮನೆಗೆ ಹೊರಟ. ನರ್ಸಮ್ಮ ಓಡಿ ಬಂದು ಹಿಡಿಯುವಷ್ಟರಲ್ಲಿ ಮೆಟ್ಟಿಲು ಇಳಿಯುತ್ತಿದ್ದ.

ಇಳಿಸೋ ಅಂತ ಹಾಲವ್ವ ಅನ್ನಲಿಲ್ಲ. ಮಗನ ಕೊರಳಿಗೆ ಕೈ ಹಾಕಿದ್ದಳು.