ಅತ್ತೆ ಅಲ್ಲ, ಚಿಕ್ಕಮ್ಮ

“ಗುರುಗಳೇ, ಕಾದಂಬರಿ ಓದುವುದರಿಂದ ನಮ್ಮ ಮನೆಯವರು ನಮಗೆ ಅರ್ಥವಾಗುತ್ತಾರೆಯೇ?”

ಕೇಳಿದವಳು ಹೊಸ ಶಿಷ್ಯೆ. ಕಾಲೇಜು ಮುಗಿಸಿದವಳು, ಹೆಚ್ಚು ಮಾತಿಲ್ಲದವಳು. ಲಾಹೋರ್, ಢಾಕಾ, ಮದ್ರಾಸು, ಹೀಗೆ ಈ ಕಡೆಯ ಸಂಸಾರಗಳ ಕತೆ ಇರುವ ಇಂಗ್ಲಿಷ್ ಕಾದಂಬರಿಗಳನ್ನೇ ಹುಡುಕಿ ಓದುತ್ತಿದ್ದಳು. ಓದುವಾಗ ಎಲ್ಲರ ಮೇಲೂ ಕರುಣೆ ಬರುತ್ತದೆ, ಕೆಟ್ಟವರ ಮೇಲೂ, ಎಂದಳು. ಒಬ್ಬರು ಅರ್ಥವಾದರೆ ಸಾಕಲ್ಲವೇ, ಇನ್ನೇನು ಬೇಕು, ಎಂದೂ ಕೇಳಿದಳು.

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಜವಳಿ ವ್ಯಾಪಾರಿ ಇದ್ದ. ಮಗಳಿಗೆ ನಾಲ್ಕು ವರ್ಷವಾದಾಗ ಹೆಂಡತಿ ತೀರಿಕೊಂಡಳು. ಹಿರಿಯರು ಕೂತು ಮಾತಾಡಿ ಹೆಂಡತಿಯ ತಂಗಿಯನ್ನೇ ಅವನಿಗೆ ಮದುವೆ ಮಾಡಿಸಿದರು. ಹುಡುಗಿ ಮಾತು ಕಲಿತಾಗಿನಿಂದ ಅವಳನ್ನು ಚಿಕ್ಕಮ್ಮ ಎಂದು ಕರೆದವಳು. ಇನ್ನು ಮೇಲೆ ಅಮ್ಮ ಅನ್ನು ಎಂದು ಎಲ್ಲರೂ ಹೇಳಿಕೊಟ್ಟರು. ಹುಡುಗಿ ಬಾಗಿಲ ಹಿಂದೆ ನಿಂತು ಬಾಯಿ ಬಿಡಲಿಲ್ಲ. ಬಲವಂತ ಮಾಡಬೇಡಿ ಎಂದವಳು ಚಿಕ್ಕಮ್ಮನೇ.

ಹಾಗೆ ಅವಳು ಚಿಕ್ಕಮ್ಮನಾಗಿಯೇ ಉಳಿದಳು. ಆ ಪದಕ್ಕೆ ಎರಡು ಅರ್ಥ. ತಾಯಿಯ ತಂಗಿಯೂ ಚಿಕ್ಕಮ್ಮ, ಮಲತಾಯಿಯೂ ಚಿಕ್ಕಮ್ಮ. ಹುಡುಗಿ ಮೊದಲನೆಯದನ್ನು ಅಂದುಕೊಂಡು ಕರೆದಳು. ಬೀದಿಯವರು ಎರಡನೆಯದನ್ನು ಕೇಳಿಸಿಕೊಂಡರು. ಚಿಕ್ಕಮ್ಮನ ಕೈಯೂಟ, ಆದರೂ ಹುಡುಗಿ ದುಂಡಗಿದ್ದಾಳಲ್ಲ, ಎಂದು ಪಕ್ಕದ ಮನೆಯವರು ಎದುರಿಗೇ ಅನ್ನುತ್ತಿದ್ದರು. ನಾಳೆಯಿಂದ ಉಪವಾಸ ಕೆಡವುತ್ತೇನೆ, ನೀವೇ ಬಂದು ನೋಡಿ, ಎಂದು ಚಿಕ್ಕಮ್ಮ ನಗುತ್ತಿದ್ದಳು. ಅವಳಿಗೆ ಮಕ್ಕಳಾಗಲಿಲ್ಲ. ಶಾಲೆಯ ಅಂಕಪಟ್ಟಿಯಲ್ಲಿ ತಾಯಿಯ ರುಜು ಎಂದಿದ್ದ ಕಡೆ ಅವಳು ಕನ್ನಡದಲ್ಲಿ ದೊಡ್ಡದಾಗಿ ಹೆಸರು ಬರೆಯುತ್ತಿದ್ದಳು. ಹುಡುಗಿ ಅದನ್ನು ಕೈಯಿಂದ ಮುಚ್ಚಿಕೊಂಡು ಟೀಚರಿಗೆ ಕೊಡುತ್ತಿದ್ದಳು.

ಹುಡುಗಿ ದೊಡ್ಡವಳಾದಳು. ಇಂಗ್ಲಿಷ್ ಕಾದಂಬರಿಗಳ ಹುಚ್ಚು ಹಿಡಿಯಿತು. ಚಿಕ್ಕಮ್ಮನಿಗೆ ಇಂಗ್ಲಿಷ್ ಬಾರದು. ಮಧ್ಯಾಹ್ನ ಅವಳು ಅಕ್ಕಿ ಆರಿಸುತ್ತ ಕೂತಾಗ ಹುಡುಗಿ ಓದಿದ್ದಷ್ಟನ್ನು ಕನ್ನಡದಲ್ಲಿ ಹೇಳುತ್ತಿದ್ದಳು. ಇಬ್ಬರ ನಡುವೆ ಸಲೀಸಾಗಿ ನಡೆಯುತ್ತಿದ್ದ ಮಾತೆಂದರೆ ಅದೊಂದೇ. ಆ ಕತೆಗಳ ಮನೆಗಳಲ್ಲಿ ಎಲ್ಲರೂ ಕಿಟಕಿಯ ಹತ್ತಿರ ನಿಂತು ಯೋಚಿಸುವವರೇ ಆದರೆ ಪಾತ್ರೆ ತೊಳೆಯುವವರು ಯಾರು, ಎಂದು ಚಿಕ್ಕಮ್ಮ ಕೇಳುತ್ತಿದ್ದಳು. ಆದರೂ ಮರುದಿನ, ಆಮೇಲೇನಾಯಿತೇ ಎಂದು ತಾನೇ ಶುರುಮಾಡುತ್ತಿದ್ದಳು.

ಅಮ್ಮ ಎನ್ನಬೇಕೆಂದು ಹುಡುಗಿಗೆ ಒಂದೆರಡು ಸಲ ಅನ್ನಿಸಿತ್ತು. ಇಷ್ಟು ವರ್ಷವಾದ ಮೇಲೆ ಹೇಗೆ ಶುರುಮಾಡುವುದೆಂದು ತಿಳಿಯದೆ ಸುಮ್ಮನಾಗಿದ್ದಳು.

ಒಂದು ಸಲ ಕೊಲಂಬೊದ ಸಂಸಾರವೊಂದರ ಕಾದಂಬರಿ ಸಿಕ್ಕಿತು. ಅದರಲ್ಲಿ ತಾಯಿಯಿಲ್ಲದ ಹುಡುಗಿಯನ್ನು ಒಬ್ಬಳು ಆಂಟ್ ಸಾಕುತ್ತಾಳೆ. ಇಂಗ್ಲಿಷಿನಲ್ಲಿ ಅತ್ತೆ, ಚಿಕ್ಕಮ್ಮ, ದೊಡ್ಡಮ್ಮ ಎಲ್ಲರಿಗೂ ಅದೊಂದೇ ಪದ. ವ್ಯಾಪಾರಿಯ ಮಗಳು ಹೆಚ್ಚು ಯೋಚಿಸದೆ ಅತ್ತೆ ಎಂದೇ ಹೇಳಿಕೊಂಡು ಹೋದಳು. ಆ ಅತ್ತೆಯನ್ನು ಚಿಕ್ಕಮ್ಮ ಚೆನ್ನಾಗಿ ಆಡಿಕೊಂಡಳು. ಹೆತ್ತವಳ ಹಾಗೆ ಯಾಕಷ್ಟು ಒದ್ದಾಡುತ್ತಾಳೆ, ಆ ಹುಡುಗಿ ತಿರುಗಿ ನೋಡುವುದೂ ಇಲ್ಲ, ಎಂದಳು. ಅರ್ಧ ಪುಸ್ತಕ ಕಳೆದ ಮೇಲೆ ಸಂಬಂಧ ಗೊತ್ತಾಯಿತು. ಅವಳು ತಂದೆಯ ತಂಗಿಯಲ್ಲ. ತಾಯಿಯ ತಂಗಿ. ಅಕ್ಕ ಸತ್ತ ಮೇಲೆ ಮಗುವಿಗಾಗಿ ಆ ಮನೆಯಲ್ಲೇ ನಿಂತುಬಿಟ್ಟವಳು.

“ತಪ್ಪು ಹೇಳಿಬಿಟ್ಟೆ. ಅತ್ತೆ ಅಲ್ಲ,” ಎಂದಳು ಹುಡುಗಿ. “ಚಿಕ್ಕಮ್ಮ.”

ಮೊರದಲ್ಲಿ ಕೈ ನಿಂತಿತು. ಅಂದು ಚಿಕ್ಕಮ್ಮ ತಮಾಷೆ ಮಾಡಲಿಲ್ಲ. ಆ ಹುಡುಗಿ ಅವಳನ್ನು ಏನೆಂದು ಕರೆಯುತ್ತಾಳೆ ಎಂದು ಕೇಳಿದಳು. ಇನ್ನೂ ಏನೂ ಕರೆದಿಲ್ಲ ಎಂದಳು ವ್ಯಾಪಾರಿಯ ಮಗಳು.

ಆ ವಾರವೇ ಚಿಕ್ಕಮ್ಮನಿಗೆ ಉಸಿರು ಕಟ್ಟತೊಡಗಿತು. ಆಸ್ಪತ್ರೆಗೆ ಸೇರಿಸಿದರು. ರೋಗಿ ನಿಮಗೆ ಏನಾಗಬೇಕು ಎಂದು ಫಾರಮಿನಲ್ಲಿ ಒಂದು ಸಾಲಿತ್ತು. ಹುಡುಗಿ ಇಂಗ್ಲಿಷಿನಲ್ಲಿ ಆಂಟ್ ಎಂದು ಬರೆದಳು. ಹಾಗೆ ಬರೆದರೆ ಮುಂದೆ ಯಾರೂ ಏನೂ ಕೇಳುವುದಿಲ್ಲ.

ನಾಲ್ಕನೆಯ ದಿನ ಮಧ್ಯಾಹ್ನ, ವಾರ್ಡಿನ ಹೊರಗಿನ ಬೆಂಚಿನ ಮೇಲೆ ಕೂತು ಅವಳು ಪುಸ್ತಕ ಮುಗಿಸಿದಳು. ಕೊನೆಯ ಪುಟದಲ್ಲಿ ಕಾದಂಬರಿಯ ಹುಡುಗಿ ತನ್ನ ಚಿಕ್ಕಮ್ಮನನ್ನು ಅಮ್ಮ ಎಂದು ಕರೆಯುತ್ತಾಳೆ. ಒಂದೇ ಸಲ. ಓದಿದವಳು ಬಿಕ್ಕಿ ಬಿಕ್ಕಿ ಅತ್ತಳು. ಹಾದುಹೋಗುತ್ತಿದ್ದ ಆಯಾ ನಿಂತು, ಧೈರ್ಯ ತಗೋ ಮಗಳೇ, ಹುಷಾರಾಗ್ತಾರೆ, ಎಂದಳು. ಹುಡುಗಿಗೆ ನಾಚಿಕೆಯಾಯಿತು. ಮುಖ ತೊಳೆದುಕೊಂಡು ಒಳಗೆ ಹೋದಳು.

ಚಿಕ್ಕಮ್ಮ ಅವಳ ಕಣ್ಣು ನೋಡಿದಳು. ಕೈಯಲ್ಲಿದ್ದ ಪುಸ್ತಕ ನೋಡಿದಳು.

“ಮುಗೀತೇನೆ? ಕೊನೆಗೆ ಏನಂತ ಕರೆದಳು?”

“ಇನ್ನೂ ಮುಗಿದಿಲ್ಲ, ಚಿಕ್ಕಮ್ಮ. ಸ್ವಲ್ಪ ಇದೆ.”

ಸರಿ, ನಿಧಾನವಾಗಿ ಓದು, ಎಂದು ಚಿಕ್ಕಮ್ಮ ಗೋಡೆಯ ಕಡೆ ಹೊರಳಿದಳು. ಮರುದಿನ ಬೆಳಿಗ್ಗೆ ಹುಡುಗಿ ಕಾಫಿ ತರಲು ಹೋಗಿದ್ದಾಗ ಚಿಕ್ಕಮ್ಮ ತೀರಿಕೊಂಡಳು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಪಾಪ, ಚಿಕ್ಕಮ್ಮ ಕೇಳುತ್ತಿದ್ದದ್ದು ಏನೆಂದು ಆ ಹುಡುಗಿಗೆ ಅರ್ಥವಾಗಲಿಲ್ಲ,” ಎಂದಳು.

“ಅರ್ಥವಾಗಿತ್ತಮ್ಮ. ಅದಕ್ಕೇ ಮುಗಿದಿಲ್ಲ ಎಂದಳು.”